ನಿನ್ನೆಯ ಬೆಟ್ಟಿಂಗ್ ಕೊಂಡಿಯ ಬಗ್ಗೆ

ಸ್ನೇಹಿತರೇ, ನಿನ್ನೆ ಪಂದ್ಯದ ನಡುವೆ ಗುಂಪಿಗೆ ಬಂದ ಬೆಟ್ಟಿಂಗ್ ಕೊಂಡಿಯನ್ನು ಅಳಿಸಿದ್ದೇನೆ. ‘ಆ ತಾಣಕ್ಕೆ ಕುರಸಾವ್ ಪರವಾನಗಿ ಇದೆಯಲ್ಲ’ ಎಂದು ಒಬ್ಬರು ಕೇಳಿದರು. ಆ ಕೆರಿಬಿಯನ್ ದ್ವೀಪದ ಕಾಗದಕ್ಕೆ ಇಲ್ಲಿ ಬೆಲೆಯಿಲ್ಲ. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ 2025ರ ಕೇಂದ್ರ ಕಾಯ್ದೆಯಲ್ಲಿ ಅವುಗಳ ಜಾಹೀರಾತಿಗೂ 2 ವರ್ಷದವರೆಗೆ ಜೈಲು ಇದೆ.

ಲೆಕ್ಕವನ್ನೂ ನೋಡಿ. ಎರಡೂ ತಂಡಗಳಿಗೆ 1.90 ದರ ಇತ್ತು, ಅಂದರೆ ಗೆದ್ದರೆ ಕಟ್ಟಿದ ಒಂದು ರೂಪಾಯಿಗೆ ಒಟ್ಟು 1.90 ವಾಪಸ್. ಎರಡರ ಮೇಲೂ ನೂರು ನೂರು ಕಟ್ಟಿದರೆ, ಯಾರೇ ಗೆದ್ದರೂ ಕೈಗೆ ಬರುವುದು 190 ರೂಪಾಯಿ. ಉಳಿದ ಹತ್ತು ತಾಣದವರ ಜೇಬಿಗೆ. ‘ಉಚಿತ’ ಬೋನಸ್ಸನ್ನಂತೂ ಅದರ ಹಲವು ಪಟ್ಟು ಹಣ ಕಟ್ಟಿ ಆಡಿ ಮುಗಿಸುವವರೆಗೆ ಹಿಂಪಡೆಯಲಾಗದು. ಹಣ ಕಟ್ಟಲು ಕೊಟ್ಟಿದ್ದ ಯುಪಿಐ ಖಾತೆಯೋ ಯಾರೋ ಅಪರಿಚಿತರ ಹೆಸರಿನದು! ಅದನ್ನು ಪೊಲೀಸರು ತಡೆಹಿಡಿದರೆ ನಿಮ್ಮ ಖಾತೆಗೂ ಬೀಗ ಬೀಳಬಹುದು.

ಈಗಾಗಲೇ ಮೋಸ ಹೋದವರು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಇಂಥ ಕೊಂಡಿ ಮತ್ತೆ ಹಾಕಿದವರನ್ನು ಗುಂಪಿನಿಂದ ತೆಗೆಯುತ್ತೇನೆ.