ಒಂಬತ್ತನೇ ಸಾಲು: ಸೀನನಿಗೊಂದು ಪತ್ರ

ಪ್ರೀತಿಯ ಸೀನ,

ನೀನು ಕಳಿಸಿದ ಪ್ರಶ್ನಾವಳಿ ಎರಡು ಸಲ ಓದಿದೆ. ವಾಟ್ಸಾಪಲ್ಲೇ ನಾಲ್ಕು ಸಾಲು ಬರೆದು ಮುಗಿಸಬಹುದಿತ್ತು. ಆದ್ರೆ ನಿನ್ನ ಹಾಗೆ ಕಾಲೇಜು ಮಕ್ಕಳ ಮನಸ್ಸಿನ ಬಗ್ಗೆ ಸರ್ವೆ ಮಾಡೋ ಮೇಷ್ಟ್ರುಗಳು ಬಹಳ ಜನ ಇದ್ದಾರೆ, ಅವರೂ ಓದ್ಲಿ ಅಂತ ಇಲ್ಲೇ ಹಾಕ್ತಿದೀನಿ.

ಖಿನ್ನತೆಯ ಲಕ್ಷಣ ಎಷ್ಟಿದೆ ಅಂತ ನೋಡೋ ಪಿಎಚ್‌ಕ್ಯೂ-9 ಅನ್ನೋ ಪ್ರಶ್ನಾವಳಿ ಆರಿಸಿಕೊಂಡಿದ್ದು ಸರಿ. 2001ರಲ್ಲಿ ಬಂದದ್ದು, ದುಡ್ಡು ಕೊಡಬೇಕಿಲ್ಲ. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ಯಿಂದ 3, ಒಟ್ಟು 27. 10 ಮುಟ್ಟಿದರೆ ಮುಂದೆ ವಿಚಾರಿಸಬೇಕು ಅಂತ, ಅಷ್ಟೇ. ‘10 ದಾಟಿದವರು ಖಿನ್ನತೆಯ ರೋಗಿಗಳು’ ಅಂತ ಬರೆದಿದೀಯಲ್ಲ, ಅದನ್ನ ಇವತ್ತೇ ಹೊಡೆದುಹಾಕು. ರೋಗ ಇದೆಯೋ ಇಲ್ಲವೋ ಹೇಳಬೇಕಾದ್ದು ಎದುರಿಗೆ ಕೂತು ಮಾತಾಡಿಸಿದ ವೈದ್ಯರು, ಹಾಳೆಯಲ್ಲ.

ಇಂಗ್ಲಿಷಿನಿಂದ ನೀನು ಮಾಡಿದ ಕನ್ನಡದ ವಿಷಯಕ್ಕೆ ಬರೋಣ. ಎರಡನೇ ಪ್ರಶ್ನೆಯ ‘ಡೌನ್, ಡಿಪ್ರೆಸ್ಡ್, ಹೋಪ್‌ಲೆಸ್’ಗೆ ಬರೀ ‘ಬೇಜಾರು’ ಅಂತ ಹಾಕಿದೀಯ. ಬಸ್ ತಪ್ಪಿದ್ರೂ ಬೇಜಾರು, ಪಾಠ ಕೇಳಿ ಸಾಕಾದ್ರೂ ಬೇಜಾರು, ಗೆಳತಿ ಮಾತು ಬಿಟ್ರೂ ಬೇಜಾರು, ಅಜ್ಜ ತೀರಿಕೊಂಡ್ರೂ ಬೇಜಾರು. ಹಾಗಂತ ‘ಖಿನ್ನತೆ’ ಹಾಕಿದ್ರೆ ಅದು ಪುಸ್ತಕದ ಮಾತು, ಟಿಕ್ ಹಾಕೋಕೆ ಹುಡುಗ್ರು ಹಿಂಜರೀತಾರೆ. ‘ಮನಸ್ಸು ಕುಗ್ಗಿದೆ, ಇನ್ನೇನೂ ಸರಿಹೋಗಲ್ಲ ಅನ್ಸುತ್ತೆ’ ಅಂದ್ರೆ ಹತ್ತಿರ ಬರುತ್ತೆ. ನೀನು ಮಾಡಿದ ಕನ್ನಡವನ್ನ, ಇಂಗ್ಲಿಷ್ ಮೂಲ ನೋಡದೇ ಇರೋ ಒಬ್ಬರ ಕೈಲಿ ತಿರುಗಿ ಇಂಗ್ಲಿಷಿಗೆ ಮಾಡಿಸು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು. ಆಮೇಲೆ ಏಳೆಂಟು ಮಕ್ಕಳನ್ನ ಒಬ್ಬೊಬ್ಬರಾಗಿ ಕೂರಿಸಿಕೊಂಡು ‘ಇದು ಏನು ಕೇಳ್ತಿದೆ, ನಿನ್ನ ಮಾತಲ್ಲಿ ಹೇಳು’ ಅನ್ನು. ‘ಹಲವು ದಿನ’ಕ್ಕೆ 1 ಅಂಕ, ‘ಅರ್ಧಕ್ಕಿಂತ ಹೆಚ್ಚು ದಿನ’ಕ್ಕೆ 2 ಅಲ್ವಾ? ‘ಹಲವು’ ಅಂದ್ರೆ ಬಹಳ ಅಂತ ಓದಿಕೊಂಡವರಿಗೆ ಅಲ್ಲೇ ಲೆಕ್ಕ ತಲೆಕೆಳಗಾಗುತ್ತೆ.

ಹಸಿವಿನ ಸಾಲೂ ಹಾಗೇ. ಊಟ ಸೇರದವನೂ, ಸಿಕ್ಕಿದ್ದೆಲ್ಲ ತಿನ್ನುವವನೂ ಒಂದೇ ಕಾಲಮ್ಮಿಗೆ ಬೀಳ್ತಾರೆ. ಹಾಸ್ಟೆಲ್ ಮಕ್ಕಳಾದ್ರೆ ಮೆಸ್ಸಿನ ಸಾರಿನ ಮೇಲಿನ ಸಿಟ್ಟೂ ಅಲ್ಲೇ ಸೇರಿಕೊಳ್ಳುತ್ತೆ. ಇಂಟರ್ನಲ್ಸ್ ಮುಗಿದ ವಾರದಲ್ಲಂತೂ ಹಂಚಬೇಡ. ನಿದ್ದೆ, ಸುಸ್ತು, ಏಕಾಗ್ರತೆ ಮೂರರಲ್ಲೂ ಅಂಕ ಏರಿರುತ್ತೆ, ನೀನು ಅಳೆದದ್ದು ಪರೀಕ್ಷೆಯನ್ನ ಆಗಿರುತ್ತೆ.

ಈಗ ಒಂಬತ್ತನೇ ಸಾಲು. ಸತ್ತರೇ ಚೆನ್ನಾಗಿತ್ತು ಅಂತಲೋ, ತನಗೇ ನೋವು ಮಾಡಿಕೊಳ್ಳಬೇಕು ಅಂತಲೋ ಅನಿಸಿತ್ತಾ ಅಂತ ಕೇಳೋದು. ಇಂಥದ್ದು ಕೇಳಿದ್ರೆ ಮಕ್ಕಳ ತಲೆಗೆ ನಾವೇ ಹಾಕಿದ ಹಾಗೆ ಅಂತ ನಿಮ್ಮ ಪ್ರಿನ್ಸಿಪಾಲರು ಹೆದರ್ತಿದಾರೆ ಅಂದೆ. ನ್ಯೂಯಾರ್ಕ್ ರಾಜ್ಯದ 6 ಹೈಸ್ಕೂಲುಗಳ 2,342 ಮಕ್ಕಳಲ್ಲಿ ಇದನ್ನೇ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದಾರೆ. ಒಂದು ಗುಂಪಿಗೆ ಆತ್ಮಹತ್ಯೆಯ ಪ್ರಶ್ನೆ ಕೊಟ್ರು, ಇನ್ನೊಂದಕ್ಕೆ ಕೊಡಲಿಲ್ಲ. ಎರಡು ದಿನ ಬಿಟ್ಟು ನೋಡಿದ್ರೆ, ಕೇಳಿಸಿಕೊಂಡವರಲ್ಲಿ ಸಂಕಟವಾಗಲಿ ಅಂಥ ಯೋಚನೆಯಾಗಲಿ ಹೆಚ್ಚಿರಲಿಲ್ಲ. ಪ್ರಿನ್ಸಿಪಾಲರಿಗೆ ಇದನ್ನ ಹೇಳು.

ನನ್ನ ಭಯ ಬೇರೆ. ಕೇಳಿ, ಉತ್ತರ ತಗೊಂಡು, ಹಾಳೆಯನ್ನ ಬೀರುವಿಗೆ ಹಾಕಿ ಬೀಗ ಹಾಕ್ತೀವಲ್ಲ, ಅದು. ಒಬ್ಬ ಹುಡುಗಿಯ ಒಟ್ಟು ಮೊತ್ತ 6 ಇದ್ದು ಒಂಬತ್ತನೇ ಸಾಲಲ್ಲಿ 2 ಇರಬಹುದು. ಸರಾಸರಿ ತೆಗೆದ್ರೆ ಆ ಹುಡುಗಿ ಕಾಣಿಸೋದೇ ಇಲ್ಲ. ಇದನ್ನ ಬರೀಬೇಕು ಅಂದುಕೊಂಡಿರಲಿಲ್ಲ ಕಣೋ, ಆದ್ರೂ ಬರೀತೀನಿ: ನಾನೂ ಇಂಥ ಸರ್ವೆಗಳಲ್ಲಿ ವರ್ಷಗಟ್ಟಲೆ ಮೊತ್ತವನ್ನೇ ಮೊದಲು ಕೂಡಿದವನು. ಆ ಸಾಲನ್ನ ಬಿಡಿಯಾಗಿ ನೋಡ್ತಿದ್ದದ್ದು ಎಕ್ಸೆಲ್ಲಿಗೆ ಏರಿಸುವಾಗ, ಎಷ್ಟೋ ದಿನ ಕಳೆದ ಮೇಲೆ. ಹೆಸರು ಬರೀಬೇಡಿ ಅಂತ ಹೇಳಿದ್ದೂ ನಾನೇ, ಹಾಗಾಗಿ ಆ ಮಕ್ಕಳು ಯಾರು ಅಂತ ಈಗ ತಿಳಿಯೋ ದಾರಿಯಿಲ್ಲ. ದೀಪ ಆರಿಸಿದ ಮೇಲೆ ಆ ನೀಲಿ ಪೆನ್ನಿನ ಟಿಕ್ಕುಗಳು ಕಣ್ಣಿಗೆ ಬರ್ತವೆ.

ಅದಕ್ಕೇ ಹೇಳ್ತಿದೀನಿ. ಹೆಸರಿನ ಬದಲು ಹಾಳೆಗೆ ಕೋಡ್ ನಂಬರ್ ಕೊಡು. ಯಾವ ನಂಬರ್ ಯಾರದು ಅನ್ನೋ ಪಟ್ಟಿ ಕೌನ್ಸೆಲರ್ ಹತ್ರ ಮಾತ್ರ ಇರಲಿ, ನಿನ್ನ ಹತ್ರ ಬೇಡ. ‘ಒಂಬತ್ತನೇ ಪ್ರಶ್ನೆಗೆ 0 ಬಿಟ್ಟು ಏನೇ ಬರೆದ್ರೂ ಇವತ್ತೇ ಒಬ್ಬರು ನಿಮ್ಮ ಜೊತೆ ಕೂತು ಮಾತಾಡ್ತಾರೆ’ ಅಂತ ಹಾಳೆ ಹಂಚೋ ಮೊದಲೇ ಹೇಳು, ಮುಚ್ಚಿಡಬೇಡ. ಬೆಳಗ್ಗೆ ಮೊದಲನೇ ಪೀರಿಯಡ್ಡಿನಲ್ಲಿ ಮಾಡಿಸು, ಸಂಜೆ ಬಸ್ ಹತ್ತೋದ್ರೊಳಗೆ ಅಷ್ಟೂ ಹಾಳೆಯಲ್ಲಿ ಆ ಒಂದು ಸಾಲು ನೋಡಿ ಮುಗಿಸು. ಮೊತ್ತ ನಾಳೆ ಕೂಡಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಎಲ್ಲರ ಹಾಳೆಯ ಕೆಳಗೂ ಅಚ್ಚಾಗಿರಲಿ, ಹಗಲು ರಾತ್ರಿ ಯಾವಾಗ ಮಾಡಿದ್ರೂ ಸಿಗುತ್ತೆ, ಕನ್ನಡದಲ್ಲೇ ಮಾತಾಡಬಹುದು. ಕೌನ್ಸೆಲರ್ ಸಿಗದೇ ಹೋದ್ರೆ ಒಂಬತ್ತನೇದು ಬಿಟ್ಟಿರೋ ಪಿಎಚ್‌ಕ್ಯೂ-8 ಇದೆ, ಅದನ್ನ ಕೊಡು. ಪಿಯು ಮಕ್ಕಳು 18 ತುಂಬದವರು, ಅವರ ಒಪ್ಪಿಗೆಯ ಜೊತೆ ಅಪ್ಪ ಅಮ್ಮನ ಸಹಿಯೂ ಬೇಕು.

ಇನ್ನೂರು ಪ್ರತಿ ಜೆರಾಕ್ಸ್‌ಗೆ ಕೊಟ್ಟಿದೀನಿ ಅಂದ್ಯಲ್ಲ, ಈಗಲೇ ಫೋನ್ ಮಾಡಿ ನಿಲ್ಲಿಸು. ಭಾನುವಾರ ಬಾ, ಕೂತು ಸರಿಮಾಡೋಣ. ಕೋಡುಬಳೆ ಈ ಸಲ ಯಾರ ಲೆಕ್ಕ ಅಂತ ನಿನಗೇ ಗೊತ್ತು.

ನಿನ್ನ,
ಮೂರನೇ ಬೆಂಚು