ಮಗಳ ಡೈಪರ್ ನೋಡಿ ಗಾಬರಿಯಾದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ರಾತ್ರಿ ಎರಡೂವರೆಗೆ ನೀನು ಕಳಿಸಿದ್ದ ಫೋಟೊ ಬೆಳಿಗ್ಗೆ ಎದ್ದ ಮೇಲೆ ನೋಡಿದೆ. ಕೆಳಗೆ ಎರಡು ಪ್ರಶ್ನೆ: "ಇದು ಭೇದಿನಾ? ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಾ?" ಮೊದಲು ಉತ್ತರ ಹೇಳಿಬಿಡುತ್ತೇನೆ. ಅದು ಭೇದಿಯಲ್ಲ. ಬರೀ ಎದೆಹಾಲು ಕುಡಿಯುವ ಆರು ದಿನದ ಕೂಸಿನ ಕಕ್ಕ ಹೇಗಿರಬೇಕೋ ಹಾಗೇ ಇದೆ. ಸಾಸಿವೆ ಅರೆದಂಥ ಹಳದಿ, ನೀರುನೀರು, ನಡುವೆ ಸಣ್ಣಸಣ್ಣ ಕಾಳು. ಆ ಕಾಳುಗಳು ಪೂರ್ತಿ ಜೀರ್ಣವಾಗದೆ ಉಳಿದ ಹಾಲಿನ ಕೊಬ್ಬು, ಅಷ್ಟೇ. ಕೆಲವೊಮ್ಮೆ ನೀರನ್ನೆಲ್ಲ ಡೈಪರ್ ಹೀರಿಕೊಂಡು ಮೇಲೆ ಕಾಳು ಮಾತ್ರ ಉಳಿಯುತ್ತದೆ, ಅದಕ್ಕೂ ಹೆದರಬೇಡ. ವಾಸನೆಯೂ ಒಡೆದ ಹಾಲಿನ ಹಾಗೆ ಸ್ವಲ್ಪ ಹುಳಿ, ಸ್ವಲ್ಪ ಸಿಹಿ ಇರುತ್ತದೆ. ಮೂಗು ಮುಚ್ಚಿಕೊಳ್ಳುವಂಥ ನಾತ ಇರುವುದಿಲ್ಲ.

ಈಗ ಉಸಿರು ಬಿಟ್ಟು ಉಳಿದದ್ದನ್ನು ಓದು. ನಿನ್ನ ಹೆಂಡತಿಗೂ ಓದಿ ಹೇಳು. ಆದರೆ ಅವರಿಗೆ ಇನ್ನೊಂದು ಕೆಲಸ ಹೊರಿಸಬೇಡ. ಹಾಲು ಕೊಡುವುದು ಅವರಿಂದ ಮಾತ್ರ ಆಗುವ ಕೆಲಸ. ಡೈಪರ್ ಬಿಚ್ಚಿ ನೋಡಿ, ಎಣಿಸಿ, ಬರೆದಿಡುವುದು ನಿನ್ನ ಕೈಲಿ ಆಗುತ್ತದೆ.

ಅದು ಸಣ್ಣ ಕೆಲಸ ಅಂತ ತಿಳಿಯಬೇಡ. ಬಾಟಲಿಯಲ್ಲಾದರೆ ಹಾಲು ಎಷ್ಟು ಇಳಿಯಿತು ಅಂತ ಗೆರೆ ನೋಡಿ ಹೇಳಬಹುದು. ಎದೆಯ ಮೇಲೆ ಗೆರೆಯಿಲ್ಲ. ಕೂಸು ಅರ್ಧ ಗಂಟೆ ಚೀಪಿತು ಅಂದ ಮಾತ್ರಕ್ಕೆ ಅರ್ಧ ಗಂಟೆ ಹಾಲು ಕುಡಿಯಿತು ಅಂತಲೂ ಅಲ್ಲ. ಒಳಗೆ ಎಷ್ಟು ಹೋಯಿತು ಅನ್ನುವುದು ಹೊರಗೆ ಬಂದದ್ದರಿಂದ ಮತ್ತು ತೂಕದಿಂದಲೇ ಗೊತ್ತಾಗಬೇಕು. ಇದು ನಮಗೆ ಅರ್ಥವಾದದ್ದು ತಡವಾಗಿ. ಅದಕ್ಕೇ ನಿನಗೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲ ದಿನದ ಕಪ್ಪು ನೆನಪಿದೆಯಲ್ಲ, ಡಾಂಬರಿನ ಹಾಗೆ ಅಂಟಿಕೊಂಡು ಎಷ್ಟು ಒರೆಸಿದರೂ ಹೋಗದೆ ಇದ್ದದ್ದು? ಅದಕ್ಕೆ ಮೆಕೋನಿಯಂ ಅನ್ನುತ್ತಾರೆ. ಹೊಟ್ಟೆಯೊಳಗಿದ್ದಾಗ ಕೂಸು ನುಂಗಿದ ಗರ್ಭಜಲ, ಉದುರಿದ ಚರ್ಮದ ಕಣ, ಮೈಮೇಲಿನ ನವಿರು ಕೂದಲು, ಲೋಳೆ, ಪಿತ್ತ, ಎಲ್ಲ ಸೇರಿ ಕರುಳಲ್ಲಿ ಕೂತಿರುವಂಥದ್ದು. ಹೆಚ್ಚಿನ ಮಕ್ಕಳಿಗೆ ಹುಟ್ಟಿದ 24 ಗಂಟೆಯೊಳಗೆ ಅದು ಹೋಗಲು ಶುರುವಾಗುತ್ತದೆ. 48 ಗಂಟೆ ಕಳೆದರೂ ಹೋಗದಿದ್ದರೆ ಕರುಳಲ್ಲಿ ಎಲ್ಲಾದರೂ ತಡೆಯಿದೆಯೇ ಅಂತ ಡಾಕ್ಟರು ನೋಡಲೇಬೇಕು. ಗಿಣ್ಣು ಹಾಲು ಬರುವುದು ಚಮಚದ ಲೆಕ್ಕದಲ್ಲಿ, ಆದರೂ ಅದಕ್ಕೆ ಹೊಟ್ಟೆ ಸಡಿಲಿಸುವ ಗುಣ ಇದೆ. ಆ ಕಪ್ಪಿನ ಜೊತೆ ಬಿಲಿರುಬಿನ್ ಕೂಡ ಹೊರಗೆ ಹೋಗುತ್ತದೆ. ಕಾಮಾಲೆಯಲ್ಲಿ ಮೈ ಹಳದಿಯಾಗುವುದು ಅದರಿಂದಲೇ. ಕರುಳಲ್ಲಿ ಹೆಚ್ಚು ಹೊತ್ತು ಉಳಿದರೆ ಅದು ಮತ್ತೆ ರಕ್ತಕ್ಕೆ ಸೇರಿಕೊಳ್ಳುತ್ತದೆ. ಮೂರನೆಯ, ನಾಲ್ಕನೆಯ ದಿನದ ಹೊತ್ತಿಗೆ ಕಪ್ಪು ತಿಳಿಯಾಗಿ ಹಸಿರುಗಂದು, ಐದನೆಯ ದಿನದ ಸುಮಾರಿಗೆ ಹಳದಿ. ನೀನು ಹೆದರಿ ಫೋಟೊ ತೆಗೆದೆಯಲ್ಲ, ಆ ಹಳದಿಗಾಗಿ ನಾವು ಎಷ್ಟು ಕಾದಿದ್ದೆವು ಗೊತ್ತೇ?

ನಮ್ಮ ದೊಡ್ಡವಳಿಗೆ ಐದನೆಯ ದಿನವೂ ಅದು ಬಂದಿರಲಿಲ್ಲ. ಕಪ್ಪುಹಸಿರು ಚೂರುಚೂರು, ದಿನಕ್ಕೆ ಒಂದೇ ಸಲ. ಡೈಪರಿನ ಮುಂಭಾಗದಲ್ಲಿ ಇಟ್ಟಿಗೆ ಪುಡಿ ಉದುರಿಸಿದಂಥ ಕಿತ್ತಳೆಗೆಂಪು ಕಲೆ. ನಾನು ರಕ್ತ ಅಂದುಕೊಂಡು ನಡುಗಿಹೋದೆ, ಆಮೇಲೆ ಯಾರೋ "ಮೊದಮೊದಲು ಹಾಗೆ ಇರುತ್ತೆ" ಅಂದಾಗ ಸುಮ್ಮನಾದೆ. ಕೂಸು ತುಂಬ ನಿದ್ದೆ ಮಾಡುತ್ತಿತ್ತು. ಅಳುತ್ತಿರಲಿಲ್ಲ. ಎಂಥ ಸಾಧು ಮಗು ಅಂತ ನಾವು ಖುಷಿಪಟ್ಟೆವು. ತಪಾಸಣೆಗೆ ಹೋದಾಗ ನರ್ಸ್ ತೂಕಕ್ಕೆ ಹಾಕಿದರು, ಹುಟ್ಟಿದ ತೂಕಕ್ಕಿಂತ 11% ಕಡಿಮೆ. "ನಿನ್ನೆಯಿಂದ ಎಷ್ಟು ಸಲ ಉಚ್ಚೆ, ಎಷ್ಟು ಸಲ ಕಕ್ಕ?" ಅಂತ ಕೇಳಿದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಆ ಕ್ಷಣ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಆ ಕಿತ್ತಳೆಗೆಂಪು ರಕ್ತವಲ್ಲ, ಉಚ್ಚೆಯಲ್ಲಿರುವ ಯೂರೇಟ್ ಅನ್ನುವ ಲವಣದ ಹರಳು. ಉಚ್ಚೆ ಗಟ್ಟಿಯಾದಾಗ ಅದು ಕಾಣಿಸುತ್ತದೆ. ಮೊದಲ ಎರಡು ಮೂರು ದಿನ ಹಾಲು ಇನ್ನೂ ಇಳಿಯುತ್ತಿರುವಾಗ ಕಂಡರೆ ಪರವಾಗಿಲ್ಲ. ನಾಲ್ಕೈದು ದಿನ ಕಳೆದ ಮೇಲೂ ಕಾಣುತ್ತಿದ್ದರೆ ಕೂಸಿಗೆ ಹಾಲು ಸಾಲುತ್ತಿಲ್ಲ ಅಂತ ಅರ್ಥ. "ಮೊದಮೊದಲು ಹಾಗೆ ಇರುತ್ತೆ" ಅನ್ನುವ ಮಾತು ಸುಳ್ಳಲ್ಲ, ಆದರೆ ಎಷ್ಟನೆಯ ದಿನ ಅನ್ನುವುದನ್ನು ಬಿಟ್ಟು ಹೇಳಿದರೆ ಅದರಿಂದ ಅಪಾಯವೇ ಹೆಚ್ಚು. ನಮ್ಮ ಮಗಳು ಹಸಿದು ಹಸಿದು ಅಳುವ ಶಕ್ತಿಯೂ ಇಲ್ಲದೆ ಮಲಗಿದ್ದಳು. ನಾವು ಅದನ್ನು ಸಾಧುತನ ಅಂದುಕೊಂಡಿದ್ದೆವು.

ಸಮಸ್ಯೆ ಇದ್ದದ್ದು ಹಿಡಿಯುವ ರೀತಿಯಲ್ಲಿ. ಕೂಸು ಮೊಲೆತೊಟ್ಟನ್ನು ಮಾತ್ರ ಕಚ್ಚುತ್ತಿತ್ತು. ಬಾಯಿ ಅಗಲ ತೆರೆಸಿ, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗುವಂತೆ ಹಿಡಿಸುವುದನ್ನು ಆ ನರ್ಸ್ ಪಕ್ಕದಲ್ಲೇ ಕೂತು ಕಲಿಸಿದರು. ಎರಡು ಮೂರು ಗಂಟೆಗೊಮ್ಮೆ ಎಬ್ಬಿಸಿಯಾದರೂ ಹಾಲು ಕೊಡಿ, ಆಮೇಲೆ ಹಿಂಡಿದ ಹಾಲನ್ನೂ ಕುಡಿಸಿ ಅಂದರು. ಎರಡು ದಿನ ಬಿಟ್ಟು ನಸುಕಿನಲ್ಲಿ ಡೈಪರ್ ಬಿಚ್ಚಿದರೆ ಹಳದಿ. ನನ್ನ ಹೆಂಡತಿ ಅದನ್ನು ನೋಡಿ ಅತ್ತೇಬಿಟ್ಟಳು.

ಈಗ ಲೆಕ್ಕ ಹೇಳುತ್ತೇನೆ, ಬರೆದುಕೋ. ಉಚ್ಚೆ ಮೊದಲ ದಿನ ಒಂದು ಸಲವಾದರೂ, ಎರಡನೆಯ ದಿನ ಎರಡು, ಮೂರನೆಯ ದಿನ ಮೂರು, ಹೀಗೆ ಏರುತ್ತಾ ಹೋಗಿ ಐದಾರನೆಯ ದಿನದಿಂದ 24 ಗಂಟೆಗೆ ಕನಿಷ್ಠ 6 ಒದ್ದೆ ಡೈಪರ್ ಇರಬೇಕು. ಉಚ್ಚೆಯ ಬಣ್ಣ ತೆಳು, ಹೆಚ್ಚುಕಡಿಮೆ ನೀರಿನಂತೆ. ಕಕ್ಕ ನಾಲ್ಕನೆಯ ದಿನದ ನಂತರ ದಿನಕ್ಕೆ ಕನಿಷ್ಠ 3-4 ಸಲ, ಪ್ರತಿಸಲವೂ ಸುಮಾರು 2.5 ಸೆಂಟಿಮೀಟರ್ ಅಗಲದ ನಾಣ್ಯದಷ್ಟಾದರೂ ಇರಬೇಕು. ಒರೆಸಿದಂಥ ಸಣ್ಣ ಕಲೆಯನ್ನು ಎಣಿಸಬೇಡ. ಹೆಚ್ಚಾದರೆ? ಆಗಲಿ. ಪ್ರತಿ ಸಲ ಹಾಲು ಕುಡಿದಾಗಲೂ, ದಿನಕ್ಕೆ ಎಂಟು ಹತ್ತು ಸಲ ಮಾಡುವ ಮಕ್ಕಳೂ ಇದ್ದಾರೆ. ಹೊಟ್ಟೆಗೆ ಹಾಲು ಬಿದ್ದ ಕೂಡಲೇ ಕರುಳು ಕದಲುತ್ತದೆ, ಅದಕ್ಕೇ ಕುಡಿಯುತ್ತಿರುವಾಗಲೇ ಆ ಸದ್ದು ಕೇಳಿಸುವುದು.

ಈಗಿನ ಡೈಪರುಗಳು ಎಷ್ಟು ಹೀರುತ್ತವೆ ಅಂದರೆ ಒದ್ದೆಯಾಗಿದೆಯೋ ಇಲ್ಲವೋ ಕೈಗೆ ಗೊತ್ತೇ ಆಗುವುದಿಲ್ಲ. ಹೊಸ ಡೈಪರ್ ಒಂದಕ್ಕೆ ಮೂರು ದೊಡ್ಡ ಚಮಚ ನೀರು, ಅಂದರೆ ಸುಮಾರು 45 ಮಿಲಿಲೀಟರ್, ಹಾಕಿ ಕೈಯಲ್ಲಿ ಎತ್ತಿ ನೋಡು. ಚೆನ್ನಾಗಿ ಒದ್ದೆಯಾದ ಡೈಪರ್ ಅಷ್ಟು ಭಾರ ಇರುತ್ತದೆ. ಒಮ್ಮೆ ಮಾಡಿದರೆ ಕೈಗೆ ಅಂದಾಜು ಸಿಕ್ಕಿಬಿಡುತ್ತದೆ.

ತೂಕದ ಬಗ್ಗೆಯೂ ಇಷ್ಟು ತಿಳಿದಿರಲಿ. ಮೊದಲ ಕೆಲವು ದಿನ ಎಲ್ಲ ಮಕ್ಕಳ ತೂಕವೂ ಸ್ವಲ್ಪ ಇಳಿಯುತ್ತದೆ. ಇಳಿಕೆ 10% ಸಮೀಪಿಸಿದರೆ ಹಾಲು ಕುಡಿಯುವುದನ್ನು ಯಾರಾದರೂ ತಿಳಿದವರು ಕೂತು ನೋಡಬೇಕು. ಸಾಮಾನ್ಯವಾಗಿ ಎರಡು ವಾರದೊಳಗೆ ಹುಟ್ಟಿದ ತೂಕ ಮರಳಿ ಬರುತ್ತದೆ.

ಇನ್ನು ಬಣ್ಣದ ಮಾತು. ಒಂದಲ್ಲ ಒಂದು ದಿನ ಹಸಿರು ಕಾಣಿಸುತ್ತದೆ, ಆಗ ಮನೆಯಲ್ಲಿ ಎಲ್ಲರೂ ಗಾಬರಿಯಾಗುತ್ತಾರೆ. ಪಿತ್ತದ ಬಣ್ಣವೇ ಹಸಿರು. ಕರುಳಲ್ಲಿ ನಿಧಾನವಾಗಿ ಸಾಗಿದರೆ ಹಳದಿಗೆ ತಿರುಗುತ್ತದೆ, ಬೇಗ ಸಾಗಿದರೆ ಹಸಿರಾಗಿಯೇ ಬರುತ್ತದೆ. ಕಬ್ಬಿಣದ ಔಷಧಿಯಿಂದಲೂ ಹಾಗಾಗಬಹುದು. ಕೂಸು ಚುರುಕಾಗಿದ್ದು, ಹಾಲು ಕುಡಿದು, ತೂಕ ಏರುತ್ತಿದ್ದರೆ ಆಗೊಮ್ಮೆ ಈಗೊಮ್ಮೆ ಬರುವ ಹಸಿರಿಗೆ ತಲೆ ಕೆಡಿಸಿಕೊಳ್ಳಬೇಡ. ಪ್ರತಿಸಲವೂ ಹಸಿರು, ನೊರೆನೊರೆ ಅಂತಾದರೆ ಕೂಸನ್ನು ಒಂದು ಕಡೆ ಪೂರ್ತಿ ಕುಡಿಯಲು ಬಿಟ್ಟು ಆಮೇಲೆ ಇನ್ನೊಂದು ಕಡೆ ಹಿಡಿಸಲು ಹೇಳು. ಕೊಬ್ಬು ಹೆಚ್ಚಿರುವ ಹಾಲು ಸಿಗುವುದು ಎದೆ ಖಾಲಿಯಾಗುತ್ತಾ ಬಂದಾಗ.

ನೀನು ಹೆದರಬೇಕಾದ ಬಣ್ಣ ಬೇರೆ. ಬಿಳಿಚಿದ್ದು. ಸುಣ್ಣದಂತೆ, ಜೇಡಿಮಣ್ಣಿನಂತೆ, ಬೂದಿಯಂತೆ, ಅಥವಾ ಬಣ್ಣವೇ ಇಲ್ಲದ ಕೆನೆಯಂತೆ. ಇದನ್ನು ನಾನು ಎರಡು ಸಲ ಹೇಳಿದರೂ ತಪ್ಪಿಲ್ಲ. ಹಸಿರನ್ನು ನೋಡಿ ಜನ ಓಡುತ್ತಾರೆ, ಬಿಳಿಚಿದ್ದನ್ನು ನೋಡಿ ಹಾಲು ಕುಡಿಯುವ ಮಗುವಲ್ಲವೇ ಅಂತ ಸುಮ್ಮನಿರುತ್ತಾರೆ. ಕಕ್ಕಕ್ಕೆ ಬಣ್ಣ ಬರುವುದೇ ಪಿತ್ತದಿಂದ. ಬಣ್ಣವಿಲ್ಲ ಅಂದರೆ ಪಿತ್ತ ಕರುಳಿಗೆ ಇಳಿಯುತ್ತಿಲ್ಲ. ಪಿತ್ತನಾಳಗಳು ಮುಚ್ಚಿಹೋಗುವ ಬಿಲಿಯರಿ ಅಟ್ರೇಸಿಯಾ ಅನ್ನುವ ಕಾಯಿಲೆಯಲ್ಲಿ ಹೀಗಾಗುತ್ತದೆ. ಅಪರೂಪದ್ದು, ಆದರೆ ಲಿವರನ್ನು ಹಾಳುಮಾಡುತ್ತದೆ. ಮೊದಲ ವಾರಗಳಲ್ಲಿ ಮಗು ನೋಡಲು ಆರೋಗ್ಯವಾಗಿಯೇ ಇರುತ್ತದೆ. ಕಕ್ಕದ ಬಣ್ಣ ವಾರದಿಂದ ವಾರಕ್ಕೆ ಮಾಸುತ್ತಾ ಹೋಗಬಹುದು. ಉಚ್ಚೆ ಮಾತ್ರ ಗಾಢ ಹಳದಿಯಾಗಿ ಬಟ್ಟೆಗೆ ಕಲೆ ಹಿಡಿಸುತ್ತದೆ. ಜಪಾನಿನ ಶಸ್ತ್ರವೈದ್ಯ ಮೊರಿಯೊ ಕಸಾಯಿ 1950ರ ದಶಕದಲ್ಲಿ ಇದಕ್ಕೊಂದು ಶಸ್ತ್ರಚಿಕಿತ್ಸೆ ರೂಪಿಸಿದರು, ಇಂದಿಗೂ ಅವರ ಹೆಸರಿನಲ್ಲೇ ಅದು ನಡೆಯುತ್ತದೆ. ಮಗುವಿಗೆ 60 ದಿನ ತುಂಬುವ ಮುಂಚೆ ಮಾಡಿದರೆ ಫಲ ಚೆನ್ನಾಗಿರುತ್ತದೆ, ತಡವಾದಷ್ಟೂ ಫಲ ಕಡಿಮೆ. ಅದಕ್ಕೇ ತೈವಾನಿನಲ್ಲಿ 2004ರಿಂದ ದೇಶದ ಎಲ್ಲ ಹಸುಗೂಸುಗಳ ತಂದೆತಾಯಿಗೂ ಕಕ್ಕದ ಬಣ್ಣಗಳನ್ನು ಅಚ್ಚುಹಾಕಿದ ಒಂದು ಕಾರ್ಡ್ ಕೊಡುತ್ತಾರೆ. ಡೈಪರ್ ಪಕ್ಕ ಹಿಡಿದು ಹೋಲಿಸಿ ನೋಡಲಿಕ್ಕೆ. ಒಂದು ಕಾರ್ಡು, ತಂದೆತಾಯಿಯ ಕಣ್ಣು, ಅಷ್ಟರಿಂದಲೇ ಕಾಯಿಲೆ ಬೇಗ ಸಿಕ್ಕಿಬೀಳುತ್ತದೆ.

ಹಾಗಾಗಿ ಬಿಳಿಚಿದ್ದು ಕಂಡರೆ ನಾಳೆಗೆ ಅಂತ ಬಿಡದೆ ಆ ಡೈಪರನ್ನೇ ಚೀಲದಲ್ಲಿ ಹಾಕಿಕೊಂಡು ಡಾಕ್ಟರ ಬಳಿ ಹೋಗು. ಎರಡು ವಾರ ಕಳೆದರೂ ಕಣ್ಣು, ಮೈ ಹಳದಿಯಾಗಿಯೇ ಇದ್ದರೆ ಆಗಲೂ ಹೋಗು. ಎದೆಹಾಲು ಕುಡಿಯುವ ಮಕ್ಕಳಲ್ಲಿ ಕಾಮಾಲೆ ಸ್ವಲ್ಪ ದಿನ ಹೆಚ್ಚು ಉಳಿಯುವುದು ಉಂಟು, ಆದರೆ ಅದು ಬರೀ ಅಷ್ಟೇ ಅಂತ ಹೇಳಬೇಕಾದದ್ದು ರಕ್ತ ಪರೀಕ್ಷೆ.

ಕೆಂಪಿನ ವಿಷಯ. ನಿನ್ನದು ಹೆಣ್ಣುಮಗು, ಆದ್ದರಿಂದ ಈ ವಾರ ಮುಂಭಾಗದಲ್ಲಿ ಒಂದಿಷ್ಟು ಬಿಳಿ ಲೋಳೆ ಅಥವಾ ತಿಳಿಗೆಂಪು ಕಲೆ ಕಂಡೀತು. ತಾಯಿಯ ಹಾರ್ಮೋನು ಕೂಸಿನ ಮೈಯಿಂದ ಇಳಿದುಹೋಗುವಾಗ ಹಾಗಾಗುತ್ತದೆ, ತಾನೇ ನಿಲ್ಲುತ್ತದೆ. ಒರೆಸುವಾಗ ಮುಂದಿನಿಂದ ಹಿಂದಕ್ಕೆ ಒರೆಸು. ಕಕ್ಕದಲ್ಲೇ ರಕ್ತ ಕಂಡರೆ ಮಾತ್ರ, ಒಂದು ಗೆರೆಯಷ್ಟೇ ಇದ್ದರೂ, ಡಾಕ್ಟರಿಗೆ ತೋರಿಸು. ಗುದದ ಬಳಿ ಸಣ್ಣ ಸೀಳಿರಬಹುದು, ತಾಯಿಯ ಒಡೆದ ತೊಟ್ಟಿನ ರಕ್ತ ನುಂಗಿರಬಹುದು, ಇನ್ನೇನೋ ಇರಬಹುದು. ಯಾವುದು ಅಂತ ನೀನೂ ನಾನೂ ಊಹಿಸುವುದು ಬೇಡ. ಹಳದಿ ಬಂದಾದ ಮೇಲೆ ಮತ್ತೆ ಡಾಂಬರಿನಂಥ ಕಪ್ಪು ಬಂದರೂ ಅಂದೇ ಹೋಗು.

ಹಾಗಾದರೆ ನಿಜವಾದ ಭೇದಿ ಗೊತ್ತಾಗುವುದು ಹೇಗೆ ಅಂತ ಕೇಳುತ್ತೀಯ. ನಿನ್ನ ಮಗಳ ದಿನದ ರೂಢಿ ನಿನಗೆ ಗೊತ್ತಿದ್ದರೆ ಗೊತ್ತಾಗುತ್ತದೆ. ಇದ್ದಕ್ಕಿದ್ದಂತೆ ಸಂಖ್ಯೆ ಏರುವುದು, ಬರೀ ನೀರು, ಲೋಳೆ, ಕೆಟ್ಟ ನಾತ, ಹಾಲು ಬೇಡ ಅನ್ನುವುದು. ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಅಥವಾ ಹಸಿರು ವಾಂತಿಯಾದರೆ ಇಷ್ಟು ಸಣ್ಣ ಕೂಸಿಗೆ ಕಾಯುವ ಮಾತೇ ಇಲ್ಲ, ರಾತ್ರಿಯಾದರೂ ಆಸ್ಪತ್ರೆಗೆ.

ಇನ್ನೊಂದು ತಿಂಗಳು ಕಳೆದ ಮೇಲೆ ನೀನು ತದ್ವಿರುದ್ಧ ಪ್ರಶ್ನೆ ಕೇಳಿ ನನಗೆ ಬರೆಯುತ್ತೀಯ, "ನಾಲ್ಕು ದಿನವಾಯ್ತು, ಕಕ್ಕವೇ ಇಲ್ಲ" ಅಂತ. ಆರು ವಾರದ ಸುಮಾರಿಗೆ ಎಷ್ಟೋ ಮಕ್ಕಳು ಹೀಗೆ ನಿಲ್ಲಿಸಿಬಿಡುತ್ತವೆ. ಎದೆಹಾಲಿನಲ್ಲಿ ಹೆಚ್ಚಿನ ಪಾಲು ಮೈಗೆ ಹತ್ತುತ್ತದೆ, ಉಳಿಯುವುದು ಕಡಿಮೆ. ಎರಡು ಮೂರು ದಿನಕ್ಕೊಮ್ಮೆ, ಕೆಲವರಿಗೆ ವಾರಕ್ಕೊಮ್ಮೆ. ಬಂದಾಗ ಮೆತ್ತಗಿದ್ದು, ಹೊಟ್ಟೆ ಮೃದುವಾಗಿದ್ದು, ಉಚ್ಚೆಯ ಲೆಕ್ಕ ಸರಿಯಿದ್ದು, ತೂಕ ಏರುತ್ತಿದ್ದರೆ ಅದು ಮಲಬದ್ಧತೆಯಲ್ಲ. ಆದರೆ ಇದೇ ಮೌನ ಈಗ, ಮೊದಲ ತಿಂಗಳಲ್ಲಿ ಬಂದರೆ ಅದನ್ನು ಹಾಲಿನ ಕೊರತೆ ಅಂತಲೇ ತಿಳಿದು ತೂಕ ನೋಡಿಸು. ವಯಸ್ಸು ಬಿಟ್ಟು ಯಾರು ಏನು ಹೇಳಿದರೂ ನಂಬಬೇಡ.

ಮುಖ ಕೆಂಪಗೆ ಮಾಡಿಕೊಂಡು, ಮುಲುಕಿ, ಹತ್ತು ನಿಮಿಷ ಅತ್ತು, ಕೊನೆಗೆ ಮೆತ್ತನೆಯ ಕಕ್ಕ ಮಾಡುವುದನ್ನೂ ನೋಡುತ್ತೀಯ. ಹೊಟ್ಟೆಯಿಂದ ತಿಣುಕುವಾಗ ಕೆಳಗೆ ಸಡಿಲಬಿಡಬೇಕು ಅನ್ನುವುದನ್ನು ಅವಳಿನ್ನೂ ಕಲಿಯುತ್ತಿರುತ್ತಾಳೆ. ಕಡ್ಡಿ, ಥರ್ಮಾಮೀಟರು, ಸೋಪು ಯಾವುದನ್ನೂ ಹಾಕಬೇಡ, ಕಲಿಯಲು ಬಿಡು. ನೀರೂ ಕುಡಿಸಬೇಡ. ಆರು ತಿಂಗಳವರೆಗೆ ಬೇಕಾದ ನೀರೆಲ್ಲ ಎದೆಹಾಲಿನಲ್ಲೇ ಇದೆ.

ಇವತ್ತಿನಿಂದ ಒಂದು ಹಾಳೆಯನ್ನು ಡೈಪರ್ ಬದಲಿಸುವ ಜಾಗದಲ್ಲೇ ಅಂಟಿಸು. ಗಂಟೆ, ಉಚ್ಚೆ, ಕಕ್ಕ, ಬಣ್ಣ. ಎರಡು ವಾರ ಬರೆದರೆ ಸಾಕು. ಮುಂದಿನ ತಪಾಸಣೆಯಲ್ಲಿ ನರ್ಸ್ ಕೇಳಿದಾಗ ನಿನ್ನ ಹೆಂಡತಿ ತಡಕಾಡಬಾರದು, ನೀನು ಹಾಳೆ ತೆಗೆದು ಕೊಡಬೇಕು. ಅಂದು ತೂಕ ಎಷ್ಟಾಯಿತು ಅಂತ ನನಗೆ ತಿಳಿಸು, ಕಾಯುತ್ತಿರುತ್ತೇನೆ. ರಾತ್ರಿ ಎರಡೂವರೆಗೆ ಫೋಟೊ ಕಳಿಸಲು ಹಿಂಜರಿಯಬೇಡ. ಇನ್ನು ಮೇಲೆ ಫೋನಿನ ಸದ್ದು ಇಟ್ಟುಕೊಂಡೇ ಮಲಗುತ್ತೇನೆ.

ಕೂಸಿಗೆ ಮುತ್ತು, ಬಾಣಂತಿಗೆ ನಮಸ್ಕಾರ.

ನಿನ್ನ ಗೆಳೆಯ