‘ರಾಕಿ’ಯ ಮೊದಲ ಓಟವನ್ನೂ ನೋಡಿ

ಮಾನ್ಯ ಸಂಪಾದಕರೇ,

1976ರ ಹಾಲಿವುಡ್ ಬಾಕ್ಸಿಂಗ್ ಚಿತ್ರ ‘ರಾಕಿ’ ನೋಡಿ ಮರುದಿನವೇ ಓಟಕ್ಕಿಳಿಯುವವರು ಇಂದಿಗೂ ಇದ್ದಾರೆ. ಒಳ್ಳೆಯದೇ. ಆದರೆ ನೆನಪಿನಲ್ಲಿ ಉಳಿಯುವುದು ಫಿಲಡೆಲ್ಫಿಯಾದ ಕಲಾ ಸಂಗ್ರಹಾಲಯದ 72 ಮೆಟ್ಟಿಲುಗಳ ತುದಿಯಲ್ಲಿ ಕೈಯೆತ್ತಿ ನಿಂತ ನಾಯಕ ಮಾತ್ರ. ಅದಕ್ಕೂ ಮೊದಲು ಅವನು ಅದೇ ಮೆಟ್ಟಿಲು ಹತ್ತಿ, ಪಕ್ಕೆ ಹಿಡಿದುಕೊಂಡು ಏದುಸಿರು ಬಿಡುತ್ತಾನೆ. ಹೊಸಬರಿಗೆ ಬೇಕಾದದ್ದು ಆ ದೃಶ್ಯ. ಅವನ ಗುರಿಯಾದರೂ ಗೆಲುವಲ್ಲ, ಬಾಕ್ಸಿಂಗ್ ಪಂದ್ಯದ 15 ಸುತ್ತು ಮುಗಿಯುವವರೆಗೆ ನಿಂತಿರುವುದು.

ಮೊದಲು 10 ನಿಮಿಷ ನಡೆದು ಮೈ ಬಿಸಿಯಾಗಲಿ. ಬಳಿಕ ಓಡದೆ, ಪೂರ್ತಿ ಪಾದ ಊರಿ 15–20 ಮೆಟ್ಟಿಲು ಹತ್ತಿ. ಇಂಥ 4 ಸುತ್ತು ಸಾಕು; ನಡುವೆ ಸಲೀಸಾಗಿ ಮಾತಾಡುವಷ್ಟು ಉಸಿರು ಮರಳಬೇಕು. ವಾರಕ್ಕೆ 3 ದಿನ, ಅದೂ ದಿನ ಬಿಟ್ಟು ದಿನ. ಹತ್ತುವುದರಲ್ಲಿ ದಣಿವಿದೆ, ನೋವು ತರುವುದು ಇಳಿತ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಒಂದೆರಡು ದಿನ ಕಾಲು ಬಿಗಿಯುವುದು ಅದಕ್ಕೇ. ಪಕ್ಕದ ಕಂಬಿ ಹಿಡಿದು ನಿಧಾನವಾಗಿ ಇಳಿಯಿರಿ. ಮೊದಲ ವಾರದಲ್ಲೇ ಸುತ್ತು ಹೆಚ್ಚಿಸುವವರು ಎರಡನೇ ವಾರ ಮನೆಯಲ್ಲಿ ಕೂರುತ್ತಾರೆ. ಪಕ್ಕೆ ಹಿಡಿದರೆ ವೇಗ ತಗ್ಗಿಸಿ, ಉಸಿರನ್ನು ನೀಳವಾಗಿ ಹೊರಬಿಡಿ.

ನಾಯಕ ಗಟಗಟನೆ ಕುಡಿಯುವ ಐದು ಹಸಿ ಮೊಟ್ಟೆಯನ್ನು ಮಾತ್ರ ದಯವಿಟ್ಟು ಅನುಕರಿಸಬೇಡಿ. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕಿನ ಅಪಾಯವಿದೆ. ಬೇಯಿಸಿದ ಮೊಟ್ಟೆಯ ಪ್ರೋಟೀನೇ ದೇಹಕ್ಕೆ ಹೆಚ್ಚು ದಕ್ಕುತ್ತದೆ. ಎದೆನೋವು ಅಥವಾ ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಿ.

– ವ್ಯಾಯಾಮ ತರಬೇತುದಾರರು